ಜವಾಬ್ದಾರಿ ಯಾರದು

"ನನ್ನ ಬ್ರೇಕ್ ದುರಸ್ತಿ ಆಗಿಲ್ಲ, ಯಾವಾಗ ಬೇಕಾದರೂ ಕೈಕೊಡಬಹುದು. ಜವಾಬ್ದಾರಿ ಯಾರದು?" ಎಂದು ಕಾರು ಎಂದಿನಂತೆ ಕೇಳಿತು. ದೋಷವಿದೆಯೆಂದು ಕಂಪನಿ ವಾಪಸ್ ಕರೆದ ಕಾರುಗಳೆಲ್ಲ ಹೀಗೆ ಕೇಳುತ್ತವೆ. ಯಾರಾದರೂ ಒಪ್ಪಿಕೊಳ್ಳದೆ ಕದಲುವುದಿಲ್ಲ. ಹುಬ್ಬಳ್ಳಿಗೆ ಹೊಸ ಬ್ರೇಕ್ ಇನ್ನೂ ಬಂದಿರಲಿಲ್ಲ, ಅತ್ತೆಯ ಡಯಾಲಿಸಿಸ್ ಕಾಯುವಂತಿರಲಿಲ್ಲ. ಪ್ರತಿ ಸಲ "ನನ್ನದು" ಎಂದು ಹೇಳಿ ಹೇಳಿ ಜಯಶೀಲಾ ದಣಿದಿದ್ದಳು.

ಇವತ್ತು ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅತ್ತೆ ಪಾರವ್ವ, "ನಂದ ಅಂತ ಬರ್ಕೋಪಾ. ಅಕಿ ಎಷ್ಟಂತ ಹೊರಬೇಕು?" ಎಂದರು.

"ಸರಿ, ಪಾರವ್ವನವರೇ," ಎಂದು ಕಾರು ಚಾಲೂ ಆಯಿತು.

ಜಯಶೀಲಾ ಅದನ್ನು ಆರಿಸಿ, ಇಳಿದು ಹಿಂದಿನ ಬಾಗಿಲು ತೆರೆದಳು. "ಇಳೀರಿ ಅತ್ತಿ, ಬಸ್ಸಿಗೆ ಹೋಗೂಣು."

"ನಿಂತು ಬರಾಕ ನನ್ನ ಕೈಲೆ ಆಗಂಗಿಲ್ಲವ್ವಾ."

"ನನ್ನ ಮ್ಯಾಲೆ ಭಾರ ಹಾಕ್ರಿ," ಎಂದು ಅವಳು ಅತ್ತೆಯ ತೋಳು ಹಿಡಿದಳು.