ಕದಡಿದ ಹನಿ

"ಅಲುಗಾಡಬೇಡಿ," ಎಂದರು ಡಾಕ್ಟರು. ನರ್ಸ್ ತನ್ನ ಗಂಡನನ್ನೇ ಕೂಸಿನಂತೆ ಮುದುರಿಸಿ ತಬ್ಬಿ ಹಿಡಿದಿದ್ದಳು. ಜ್ವರಕ್ಕೆ ಅವನ ಮೈ ಕೆಂಡವಾಗಿತ್ತು, ಕತ್ತು ಸೆಟೆದುಕೊಂಡಿತ್ತು. ಮಿದುಳಿನ ಪೊರೆಗೆ ಸೋಂಕು ತಗುಲಿದೆಯೇ ಎಂದು ನೋಡಲು ಬೆನ್ನಿನಿಂದ ನೀರು ತೆಗೆಯುತ್ತಿದ್ದರು.

ಎಷ್ಟೋ ರೋಗಿಗಳನ್ನು ಅವಳು ಹೀಗೆ ಹಿಡಿದಿದ್ದಳು. ನೀರು ತಿಳಿಯಾಗಿ ಬಂದರೆ ಜೀವ ಬಂದಂತಾಗುತ್ತದೆ ಎಂದು ಮನೆಯಲ್ಲಿ ಗಂಡನಿಗೆ ಹೇಳಿಯೂ ಇದ್ದಳು. ಈಗ ಸೂಜಿಯಿಂದ ಸೀಸೆಗಿಳಿದ ಹನಿ ಅಕ್ಕಿ ತೊಳೆದ ನೀರಿನಂತೆ ಕದಡಿತ್ತು.

"ತಿಳಿಯಾಗಿದೆಯೇನೇ?" ಅವನು ಕಣ್ಣುಮುಚ್ಚಿಕೊಂಡೇ ಕೇಳಿದ.

"ಹೂಂ ರೀ, ತಿಳಿಯಾಗಿದೆ."

"ಮತ್ಯಾಕೆ ನಿನ್ನೆದೆ ಹೀಗೆ ಹೊಡ್ಕೊಳ್ತಿದೆ?"

"ಕದಡಿದೆ. ಈಗಲೇ ಔಷಧಿ ಶುರು ಮಾಡ್ತಾರೆ."

ಡಾಕ್ಟರು ಸೂಜಿ ತೆಗೆದು ಹತ್ತಿ ಒತ್ತಿದರು. "ಆಯ್ತು ಸಿಸ್ಟರ್, ಇನ್ನು ಬಿಡಿ."

"ಬಿಡಬೇಡ ಕಣೇ," ಎಂದ ಅವನು.