ಸಣ್ಣ ಚರೆ

"ಹಂದಿಗಾದರೆ ದಪ್ಪ ಸೀಸದ ಚರೆಯ ತೋಟಾ, ಪಂದ್ಯದ ಮಣ್ಣಿನ ಬಿಲ್ಲೆಗಾದರೆ ಸಣ್ಣ ಚರೆಯದು. ಯಾವುದು ಕೊಡಲಿ, ತಂಗಿ?" ಕೋವಿ ಅಂಗಡಿಯ ಮಾದಪ್ಪ ಕೇಳಿದ.

"ಯಾವುದಾದರೂ ಸರಿ. ಆಕಾಶಕ್ಕೆ ಹೊಡೆಯೋದು," ಎಂದಳು ದೇಚಮ್ಮ.

ಮಾದಪ್ಪನ ಮುಖ ಅರಳಿತು. "ಮನೆಯಲ್ಲಿ ಗಂಡು ಮಗುನಾ? ಹಾಗಾದರೆ ಒಂದು ಸಾಕಲ್ಲ."

"ಎರಡು ಬೇಕು."

ಕೊಡಗಿನಲ್ಲಿ ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು. ಮಾದಪ್ಪ ದನಿ ತಗ್ಗಿಸಿದ. "ಯಾರು ಹೋದರು?"

ಅವಳು ಬಾಗಿಲೆದುರು ನಿಂತಿದ್ದ ಜೀಪಿನ ಕಡೆ ನೋಡಿದಳು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಬೆಳಿಗ್ಗೆಯಷ್ಟೇ ಹೇಳಿದ್ದರು. ಒಳಗೆ ಒರಗಿ ಕೂತಿದ್ದ ಗಂಡ ಮೆಲ್ಲಗೆ ಗಾಜು ಇಳಿಸಿದ.

"ಸಣ್ಣ ಚರೆಯದೇ ತಗೋ, ದೇಚು," ಎಂದ. "ದಪ್ಪದ್ದು ನಿನ್ನ ಭುಜಕ್ಕೆ ಪೆಟ್ಟು ಕೊಡುತ್ತೆ."