ಒಂಬತ್ತು ನಿಮಿಷ ದೊಡ್ಡವಳು

ಬೆಲ್ ಆದಾಗ ಬೆಳಿಗ್ಗೆ ಆರೂವರೆ. ಬಾಗಿಲ ಕಿಂಡಿಯಲ್ಲಿ ಇಣುಕಿದ ತಂಗಿ ಒಂದೇ ನೆಗೆತಕ್ಕೆ ವಾಪಸ್ ಬಂದಳು. "ಬಂದ್ಬಿಟ್ರು ಕಣೇ! ಒಬ್ರೇ ಹೆಂಗಸು, ಕೈಲಿ ಬಾಟ್ಲಿ ಪೆಟ್ಟಿಗೆ."

"ನಡುಗ್ಬೇಡ," ಎಂದಳು ಅಕ್ಕ. "ಹೇಳ್ಕೊಟ್ಟಿದ್ದು ನೆನಪಿದೆ ತಾನೆ?"

"ಗುಂಡೆಸೆತ. ಹದಿನಾರು ಮೀಟರ್ ನಲವತ್ತು. ನುಂಗಿದ್ದು ತಲೆನೋವಿನ ಮಾತ್ರೆ ಒಂದೇ. ನಾನು ನೀನು, ನೀನು ನಾನು. ನಿನ್ ಹೆಸರಲ್ಲಿ ಗಣಿತದ ಪರೀಕ್ಷೇನೇ ಎರಡು ಸಲ ಬರ್ದಿದೀನಿ, ಇದಕ್ಕೂ ಓದ್ಕೊಂಡು ಕೂರ್ಬೇಕಾ?"

ಇಬ್ಬರೂ ಅವಳಿಗಳು, ಅಕ್ಕ ಒಂಬತ್ತು ನಿಮಿಷ ದೊಡ್ಡವಳು. ಗುಂಡೆಸೆಯುವವಳು ಅವಳೇ. ಎಂಟು ತಿಂಗಳಿಂದ ಕೋಚ್ ಕೊಡುತ್ತಿದ್ದ ಹಾರ್ಮೋನ್ ಚುಚ್ಚುಮದ್ದಿಗೆ ಗುಂಡು ಒಂದೂವರೆ ಮೀಟರ್ ಮುಂದೆ ಹೋಗಿ ಬೀಳುತ್ತಿತ್ತು. ಭಾನುವಾರ ದೇಶದ ತಂಡದ ಆಯ್ಕೆ. ಅಷ್ಟರೊಳಗೆ ಅವಳ ಮೂತ್ರ ಆ ಬಾಟಲಿಗೆ ಬಿದ್ದರೆ ನಾಲ್ಕು ವರ್ಷ ಮೈದಾನದ ಕಡೆ ತಲೆ ಹಾಕುವಂತಿಲ್ಲ. ಮುಟ್ಟು ನಿಂತು ಏಳು ತಿಂಗಳು, ಸುಮ್ಮನೆ ಕೂತರೂ ಎದೆ ಡವಡವ. ಅದನ್ನೆಲ್ಲ ಆಯ್ಕೆ ಆದಮೇಲೆ ನೋಡಿಕೊಳ್ಳೋಣ ಎಂದಿದ್ದ ಕೋಚ್. ಮೊನ್ನೆ ಅವಳು ಬಚ್ಚಲಲ್ಲಿ ಕೆಮ್ಮಿದಾಗ ಅಮ್ಮನ ಕೈಯಿಂದ ಲೋಟ ಜಾರಿ ಬಿದ್ದಿತ್ತು. ಅಪ್ಪ ತೀರಿಕೊಂಡು ಆರು ವರ್ಷ. ಕೆಮ್ಮಿದ ದನಿ ಅವರದೇ.

ಉದ್ದೀಪನ ಮದ್ದಿನ ಪರೀಕ್ಷೆಯ ಅಧಿಕಾರಿ ಒಳಗೆ ಬಂದು, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು ಟ್ಯಾಬ್ ತೆರೆದಳು. ಅದರಲ್ಲಿ ಅಕ್ಕನ ಎರಡು ವರ್ಷದ ಹಿಂದಿನ ಫೋಟೋ. ಅದನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದಳು. "ಹ್ಞೂಂ, ನೀವೇ. ಸ್ವಲ್ಪ ಇಳಿದುಹೋಗಿದೀರ." ಆಮೇಲೆ ಗೋಡೆಗೆ ಒರಗಿದ್ದ ಅಕ್ಕನ ಕಡೆ ತಿರುಗಿದಳು. ಅಕ್ಕ ತನ್ನ ಪಾಲಿನ ಮಾತು ಹೇಳಲು ಬಾಯಿ ತೆರೆದಿದ್ದಳು, 'ನಾನು ಇವಳ ಅವಳಿ ತಂಗಿ' ಎಂದು. ಅಷ್ಟರಲ್ಲಿ ಅಧಿಕಾರಿಯೇ ಕೇಳಿದಳು, "ಇವ್ರು ನಿಮ್ಮಣ್ಣನಾ?"

ತಂಗಿ ಅಕ್ಕನನ್ನು ನೋಡಿದಳು. ಅಗಲವಾದ ದವಡೆ, ಅದರ ಕೆಳಗೆ ಬೋಳಿಸಿದ ಗಡ್ಡದ ಹಸಿರು, ಕತ್ತಿನಲ್ಲಿ ಕುಪ್ಪಳಿಸುತ್ತಿದ್ದ ನರ. ಹುಟ್ಟಿದ ತಾರೀಖು, ಸಹಿ, ಕೋಚ್ ಹೆಸರು, ಎಲ್ಲವನ್ನೂ ಬಾಯಿಪಾಠ ಮಾಡಿದ್ದರು. ಇಬ್ಬರೂ ಅಕ್ಕಪಕ್ಕ ನಿಂತು ನೋಡಿಕೊಳ್ಳುವುದೊಂದು ಹೊಳೆದೇ ಇರಲಿಲ್ಲ. ಅವರ ಕೋಣೆಯ ಕನ್ನಡಿಯ ಮೇಲೆ ಅಕ್ಕ ಟವೆಲ್ ಹೊದಿಸಿ ನಾಲ್ಕು ತಿಂಗಳಾಗಿತ್ತು.

"ಹೌದು," ಎಂದಳು ತಂಗಿ. "ಅಣ್ಣ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಮೈ ಜುಮ್ಮೆಂದಿತು.

"ಹಾಗಾದ್ರೆ ನೀವು ಇಲ್ಲೇ ಇರಿ. ಗಂಡಸರು ಒಳಗೆ ಬರೋ ಹಾಗಿಲ್ಲ."

ಬಚ್ಚಲ ಬಾಗಿಲು ಮುಚ್ಚಿತು. ಒಳಗೆ ನಲ್ಲಿ ಸದ್ದು, ತಂಗಿಯ ಕಿಸಕ್ಕನೆ ನಗು, "ಬರ್ತಾ ಇಲ್ಲ ಮೇಡಂ, ಇನ್ನೊಂದ್ ಲೋಟ ನೀರು ಕೊಡಿ." ಹೊರಗೆ ಅಕ್ಕ ಎದೆಯ ಮೇಲೆ ಕೈಯಿಟ್ಟು ಕೂತಳು. ಎರಡು ಸಲ ಬಡಿಯಿತು. ನಿಂತಿತು. ಏನನ್ನೋ ಯೋಚಿಸಿದಂತೆ ಮತ್ತೆ ಬಡಿಯಿತು. ಭಯವಾಗಿ ತನ್ನ ಹೆಸರನ್ನು ಮೆಲ್ಲಗೆ ಹೇಳಿಕೊಂಡಳು. ಯಾರೋ ಗಂಡಸು ಅವಳನ್ನು ಕರೆದಂತಾಯಿತು.

ಬಾಟಲಿಗಳಿಗೆ ಸೀಲ್ ಬಿತ್ತು. ತಂಗಿ ಅಕ್ಕನ ಸಹಿಯನ್ನು ಬಾಲದ ಸಮೇತ ಎಳೆದಳು, ಕದ್ದು ಅಕ್ಕನಿಗೆ ಕಣ್ಣು ಹೊಡೆದಳು. ಮುಗಿಯಿತು ಎನ್ನುವಷ್ಟರಲ್ಲಿ ಅಧಿಕಾರಿ ಮತ್ತೆ ಟ್ಯಾಬ್ ಎತ್ತಿಕೊಂಡಳು.

"ಇನ್ನೊಂದು ಕೆಲಸ. ಹಳೇ ಫೋಟೋ ಎಲ್ಲ ತೆಗೀತಾ ಇದೀವಿ. ಭಾನುವಾರದಿಂದ ಮೈದಾನದ ಗೇಟಲ್ಲಿ ಕಾರ್ಡು ಗೀರ್ಡು ಏನಿಲ್ಲ, ಮಶೀನೇ ಮುಖ ನೋಡಿ ಒಳಗೆ ಬಿಡೋದು. ಬಾಮ್ಮ, ಕಿಟಕಿ ಹತ್ರ ನಿಲ್ಲು."

ತಂಗಿಯ ನಗು ಅಲ್ಲೇ ನಿಂತಿತು. "ಬೇಡ ಮೇಡಂ... ಮುಖ ಕೂಡ ತೊಳ್ದಿಲ್ಲ."

"ಇದೇನು ಮದುವೆ ಫೋಟೋನಾ? ಕೂದಲು ಹಿಂದಕ್ಕೆ ಹಾಕ್ಕೋ. ಹ್ಞಾ, ನೇರ ನೋಡು."

ಅಕ್ಕ ಧಡಕ್ಕನೆ ಎದ್ದಳು. ನಾಲ್ಕು ಕಿಲೋ ಕಬ್ಬಿಣ ಎಸೆಯುವ ಕೈ ತಾನಾಗಿಯೇ ಮುಂದೆ ಚಾಚಿತು. 'ಅದು ನಾನು' ಎನ್ನುವ ಎರಡು ಮಾತು ಬಾಯಿಯವರೆಗೆ ಬಂತು. ಸೀಲ್ ಮಾಡಿದ ಬಾಟಲಿಗಳು ಮೇಜಿನ ಮೇಲಿದ್ದವು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅಧಿಕಾರಿ ಪರದೆಯಿಂದ ಕಣ್ಣು ತೆಗೆಯದೆ ಒಂದು ಕೈ ಬೀಸಿದಳು.

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ಹೋಗಿ. ಫೋಟೋದಲ್ಲಿ ನೀವು ಬರ್ತಾ ಇದೀರ."